ಶಂಖದ ತವರನ್ನು ತಿಳಿಯುವ ಬಗೆ

ಈ ವರ್ಷ ಬೇಸಗೆಯ ರಜೆ ಮುಗಿದು ಶಾಲೆಯ ಬಾಗಿಲು ತೆರೆದ ಎರಡನೆಯ ವಾರದಲ್ಲಿ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬರು ಹೊನ್ನೆಮರಡುವಿನಿಂದ ಬಂದು, ಕೈಯಲ್ಲಿದ್ದ ಬಟ್ಟೆಯ ಗಂಟನ್ನು ವಿಜ್ಞಾನದ ಕೋಣೆಯ ಮೇಜಿನ ಮೇಲಿಟ್ಟು ಬಿಚ್ಚಿದರು. ಅವರ ಮಗಳು ಈಗ ನಮ್ಮ ವಿದ್ಯಾರ್ಥಿನೀನಿಲಯದಲ್ಲಿದ್ದುಕೊಂಡು ಒಂಬತ್ತನೆಯ ತರಗತಿಯಲ್ಲಿ ಓದುತ್ತಿರುವಳು. ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆಯ ಹುಡುಗಿಯರು ನಮ್ಮ ನಿಲಯದಲ್ಲಿ ಯಾವಾಗಲೂ ಉಂಟು. ತಾಯಿ ಕುಳಿತು ಓದಿದ ಬೆಂಚಿನಲ್ಲಿ ಮಗಳು ಕುಳಿತು ಓದುವುದೂ ಹೊಸತಲ್ಲ. ಆದರೆ ತಾಯಂದಿರು ಗಂಟು ಕಟ್ಟಿಕೊಂಡು ಬಂದರೆ ಅದರಲ್ಲಿ ಹಪ್ಪಳವೋ ಜೋನಿಬೆಲ್ಲವೋ ಇರುವುದು ವಾಡಿಕೆ. ಈ ಸಲ ಇದ್ದದ್ದು ಎರಡು ಶಂಖಗಳು ಮತ್ತು ಒಂದು ಹಿಡಿ ಕವಡೆಗಳು.

ಶಂಖಗಳಲ್ಲಿ ಒಂದು ಹಳೆಯದು. ಅವರ ಮಾವನವರ ತಂದೆ ರಾಮೇಶ್ವರದ ಯಾತ್ರೆಯಿಂದ ತಂದದ್ದೆಂದು ಮನೆಯಲ್ಲಿ ಹೇಳಿಕೊಂಡು ಬಂದಿರುವರು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು ಶರಾವತಿಯ ನೀರು ಏರಿದಾಗ ಆ ಕುಟುಂಬದ ಹಳೆಯ ಮನೆಯೂ ಗದ್ದೆಯೂ ಮುಳುಗಿದವು. ದೇವರ ಪೆಟ್ಟಿಗೆಯೊಳಗಿದ್ದ ಈ ಶಂಖವೂ, ಯಾರೋ ಮಕ್ಕಳು ಅದೇ ಪೆಟ್ಟಿಗೆಗೆ ತುರುಕಿದ್ದ ಚೌಕಾಬಾರದ ಕವಡೆಗಳೂ ತಲೆಹೊರೆಯಾಗಿ ಮೇಲಿನ ದಿಬ್ಬಕ್ಕೆ ಬಂದು ಉಳಿದುಕೊಂಡವು. ಎರಡನೆಯ ಶಂಖವು ಕಳೆದ ಜಾತ್ರೆಯಲ್ಲಿ ಊರೂರು ತಿರುಗುವ ಒಬ್ಬ ವ್ಯಾಪಾರಿಯಿಂದ ಕೊಂಡದ್ದು. ಅದು ಬಲಮುರಿಯೆಂದೂ, ಲಕ್ಷಕ್ಕೊಂದು ಸಿಕ್ಕುವಂಥದೆಂದೂ, ಮನೆಯಲ್ಲಿರುವುದು ಬರಿಯ ಎಡಮುರಿಯಾದುದರಿಂದ ಅದನ್ನು ಹೊಳೆಗೆ ಬಿಟ್ಟು ಇದನ್ನಿಟ್ಟು ಪೂಜಿಸಬೇಕೆಂದೂ ಅವನು ಹೇಳಿದ್ದನು. ಮಗಳ ನಿಲಯದ ವೆಚ್ಚಕ್ಕೆಂದು ಒಂದು ವರ್ಷದಿಂದ ಕೂಡಿಟ್ಟಿದ್ದ ಹಣವನ್ನೆಲ್ಲ ಇವರು ಅವನ ಕೈಗೆ ಕೊಟ್ಟುಬಿಟ್ಟಿದ್ದರು. ಆದರೆ ಹಳೆಯ ಶಂಖವನ್ನು ನೀರಿಗೆ ಬಿಡಲು ಅತ್ತೆಯವರು ಒಪ್ಪಲಿಲ್ಲ. ಮನೆಯಲ್ಲಿ ಮಾತು ಬೆಳೆಯಿತು.

“ಅಮ್ಮ, ಯಾವುದು ನಿಜ, ಯಾವುದು ಸುಳ್ಳು, ನೀವೇ ನೋಡಿ ಹೇಳಿಬಿಡಿ. ಹಣ ಹೋಗಿದ್ದರೆ ಹೋಯಿತು. ಅತ್ತೆಯವರ ಶಂಖವನ್ನು ಹೊಳೆಗೆ ಹಾಕಿದ ಮೇಲೆ ತಿಳಿಯುವುದು ಬೇಡ” ಎಂದರು. ಮೂವತ್ತು ವರ್ಷಗಳ ಹಿಂದೆ ಇದೇ ಕೋಣೆಯ ಗಾಜಿನ ಬೀರುವಿನಲ್ಲಿ ಚಿಪ್ಪುಗಳನ್ನು ನೋಡಿದ ನೆನಪು ಅವರನ್ನು ನಮ್ಮಲ್ಲಿಗೆ ಕರೆತಂದಿತ್ತು. ಎಂಟು ದಿನ ಗಂಟನ್ನು ನಮ್ಮಲ್ಲಿ ಬಿಟ್ಟುಹೋಗಬೇಕೆಂದು ಕೇಳಿಕೊಂಡೆವು. ಆ ಎಂಟು ದಿನಗಳಲ್ಲಿ ಒಂಬತ್ತನೆಯ ತರಗತಿಯವರೂ ನಾವೂ ಕೂಡಿ ನೋಡಿ ತಿಳಿದುದನ್ನು ಇಲ್ಲಿ ಬರೆಯುತ್ತೇವೆ. ಶಂಖವಿರುವ ಮನೆಗಳು ನಮ್ಮ ಪೋಷಕರಲ್ಲಿ ಅನೇಕ. ಇಂಥ ವ್ಯಾಪಾರಿಗಳು ಬಾಗಿಲಿಗೆ ಬಾರದ ಮನೆ ಯಾವುದೂ ಇರಲಾರದು.

ಮೊದಲು ಎಡಬಲಗಳ ಗೊಂದಲವನ್ನು ಬಿಡಿಸಿಕೊಳ್ಳಬೇಕು. ಶಂಖವೆಂಬುದು ಬಸವನಹುಳುವಿನ ಜಾತಿಗೆ ಸೇರಿದ ಒಂದು ಕಡಲ ಪ್ರಾಣಿಯ ಮನೆ. ಪ್ರಾಣಿಯು ಬೆಳೆದಂತೆ ಮನೆಯ ಬಾಯಂಚಿಗೆ ಸುಣ್ಣದಂಥ ವಸ್ತುವನ್ನು ಸೇರಿಸುತ್ತ, ನಡುವಿನ ಒಂದು ಕಂಬವನ್ನು ಸುತ್ತಿ ಸುತ್ತಿ ಕಟ್ಟುತ್ತ ಹೋಗುತ್ತದೆ. ಗೋಪುರದ ಒಳಗೆ ನಡುಗಂಬವನ್ನು ಸುತ್ತಿಕೊಂಡು ಏರುವ ಮೆಟ್ಟಿಲುಗಳನ್ನು ನೋಡಿದವರಿಗೆ ಇದು ಸುಲಭವಾಗಿ ತಿಳಿದೀತು. ಈಗ ಗದ್ದೆಯ ಬಸವನಹುಳುವಿನ ಬರಿದಾದ ಚಿಪ್ಪೊಂದನ್ನು ಹಿಡಿದುಕೊಳ್ಳಿರಿ. ಸುರುಳಿಯ ಚೂಪಾದ ತುದಿ ಮೇಲಕ್ಕೂ, ಬಾಯಿ ನಿಮ್ಮ ಕಡೆಗೂ ಇರಲಿ. ಬಾಯಿ ನಿಮ್ಮ ಬಲಗಡೆಗೆ ಕಾಣುವುದು. ಪ್ರಾಣಿಶಾಸ್ತ್ರಜ್ಞರು ಎಲ್ಲ ಚಿಪ್ಪುಗಳನ್ನೂ ಹೀಗೆಯೇ ಹಿಡಿದು, ಬಾಯಿ ಬಲಕ್ಕಿದ್ದರೆ ಬಲಸುರುಳಿಯೆಂದೂ ಎಡಕ್ಕಿದ್ದರೆ ಎಡಸುರುಳಿಯೆಂದೂ ಕರೆಯುವರು. ಲೋಕದ ಬಸವನಹುಳುಗಳಲ್ಲಿ ಬಹುಪಾಲು ಬಲಸುರುಳಿಗಳೇ.

ನಮ್ಮ ಹಿರಿಯರು ಶಂಖವನ್ನು ಹಿಡಿದದ್ದು ಹೀಗಲ್ಲ. ಅಭಿಷೇಕ ಮಾಡುವಾಗ ಶಂಖದ ಕೊಕ್ಕು, ಅಂದರೆ ನೀರು ಬೀಳುವ ಕೊಳವೆಯಂಥ ತುದಿ, ಮುಂದಕ್ಕೆ ಇರುತ್ತದೆ. ಊದುವವರು ಸುರುಳಿಯ ತುದಿಯನ್ನು ಕೊರೆದು ಬಾಯಿಗಿಟ್ಟುಕೊಳ್ಳುವುದರಿಂದ ಅಲ್ಲಿಯೂ ಕೊಕ್ಕು ಆಚೆಗೆ, ಮೇಲಕ್ಕೆ. ಗದ್ದೆಯ ಚಿಪ್ಪನ್ನು ಬಾಯಿ ನಿಮ್ಮ ಕಡೆಗಿರುವಂತೆಯೇ ತಲೆಕೆಳಗು ಮಾಡಿರಿ. ಬಲಕ್ಕಿದ್ದ ಬಾಯಿ ಎಡಕ್ಕೆ ಬಂತು. ಶಾಸ್ತ್ರಜ್ಞರ ಬಲಸುರುಳಿ ನಮ್ಮ ಎಡಮುರಿ. ಅವರ ಎಡಸುರುಳಿ ನಮ್ಮ ಬಲಮುರಿ, ಅಥವಾ ದಕ್ಷಿಣಾವರ್ತ. ಒಂದೇ ವಸ್ತುವಿಗೆ ಎದುರುಬದುರಾದ ಎರಡು ಹೆಸರು ಹುಟ್ಟಿದ್ದು ಹಿಡಿಯುವ ಕೈಯಿಂದ. ಇಷ್ಟನ್ನು ತಿಳಿಯದೆ ಇಂಗ್ಲಿಷ್ ಪುಸ್ತಕವೊಂದನ್ನು ನೋಡಿಕೊಂಡು ನಮ್ಮ ತರಗತಿಯ ಇಬ್ಬರು ಹುಡುಗಿಯರು ಅರ್ಧ ದಿನ ಜಗಳವಾಡಿದರು. ಇಬ್ಬರೂ ಸರಿಯಾಗಿಯೇ ಹೇಳುತ್ತಿದ್ದರು.

ಹೀಗೆ ಹಿಡಿದು ನೋಡಲಾಗಿ, ಹೊನ್ನೆಮರಡುವಿನ ಹಳೆಯ ಶಂಖ ನಿಜವಾಗಿಯೂ ಎಡಮುರಿ. ಜಾತ್ರೆಯಲ್ಲಿ ಕೊಂಡದ್ದು ನಿಜವಾಗಿಯೂ ಬಲಮುರಿ. ವ್ಯಾಪಾರಿ ಆ ಮಾತಿನಲ್ಲಿ ಸುಳ್ಳಾಡಿರಲಿಲ್ಲ. ತಾಯಿಯವರು ಮೋಸಹೋದದ್ದೂ ಅದಕ್ಕಾಗಿಯೇ. ಪರೀಕ್ಷಿಸಿ ನೋಡಿದ ಒಂದು ಮಾತು ದಿಟವಾದಾಗ ಉಳಿದದ್ದನ್ನು ಯಾರೂ ಪರೀಕ್ಷಿಸುವುದಿಲ್ಲ. ಅದು ಯಾವ ಕಡೆಗೆ ಸುತ್ತಿದೆಯೆಂದು ಅವರು ನೋಡಿದರು. ಅದು ಶಂಖವೇ ಹೌದೋ ಎಂದು ನೋಡಲಿಲ್ಲ.

ಪೂಜೆಯ ಶಂಖವು ಒಂದೇ ಒಂದು ಜಾತಿಯ ಪ್ರಾಣಿಯದು. ಸ್ವೀಡನ್ ದೇಶದ ಲಿನೇಯಸ್ ಎಂಬ ಪಂಡಿತನು 1767ರಲ್ಲಿ ಅದಕ್ಕೆ ಶಾಸ್ತ್ರೀಯ ಹೆಸರನ್ನು ಕೊಟ್ಟನು. ಈಗ ಅದನ್ನು ಟರ್ಬಿನೆಲ್ಲ ಪೈರಮ್ ಎನ್ನುವರು. ಪೈರಮ್ ಎಂದರೆ ಮರಸೇಬು. ಮೇಲೆ ತುಂಬಿಕೊಂಡು ಕೆಳಗೆ ಕಿರಿದಾಗುತ್ತ ಬರುವ ಅದರ ಆಕಾರವನ್ನು ನೋಡಿದರೆ ಹೆಸರು ಒಪ್ಪುತ್ತದೆ. ಕಡಲಿನಿಂದ ತೆಗೆದಾಗ ಅದು ಬೆಳ್ಳಗಿರುವುದಿಲ್ಲ. ಕಂದುಬಣ್ಣದ ಒರಟು ಸಿಪ್ಪೆಯೊಂದು ಅದರ ಮೈಯನ್ನು ಮುಚ್ಚಿರುತ್ತದೆ. ಅದನ್ನು ಸುಲಿದು ಉಜ್ಜಿದ ಮೇಲೆ ಪಿಂಗಾಣಿಯಂಥ ಬಿಳುಪು ಕಾಣುವುದು. ಗೋಡೆ ಬಹಳ ದಪ್ಪ, ಕೈಗೆ ಭಾರ.

ಆದರೆ ಬಿಳುಪು, ಭಾರ, ಆಕಾರಗಳು ಉಜ್ಜುವವನ ಕೈಯಲ್ಲಿ ಬದಲಾಗುವಂಥವು. ಬದಲಾಗದ ಗುರುತು ಒಳಗಿದೆ. ಶಂಖದ ಬಾಯೊಳಕ್ಕೆ ಕಿರುಬೆರಳನ್ನು ಹಾಕಿ ನಡುಗಂಬದ ಮೇಲೆ ಆಡಿಸಿದರೆ, ಅಡ್ಡಡ್ಡಲಾಗಿ ಎದ್ದುನಿಂತ ಮೂರು ನಾಲ್ಕು ಏಣುಗಳು ಬೆರಳಿಗೆ ತಾಗುತ್ತವೆ. ಸೀರೆಯ ನೆರಿಗೆಗಳನ್ನು ಬೆರಳಿನಿಂದ ಎಣಿಸಿದ ಹಾಗೆ ಇವನ್ನು ಕಣ್ಣುಮುಚ್ಚಿಕೊಂಡೂ ಎಣಿಸಬಹುದು. ಚಿಪ್ಪು ಎಡಮುರಿಯಾಗಲಿ, ಬಲಮುರಿಯಾಗಲಿ, ಟರ್ಬಿನೆಲ್ಲ ಪೈರಮ್ ಆಗಿದ್ದರೆ ಈ ನೆರಿಗೆಗಳು ಇದ್ದೇ ಇರುವುವು. ನಿಜವಾದ ಬಲಮುರಿ ಶಂಖವು ಎಡಮುರಿಯ ಕನ್ನಡಿಯ ಬಿಂಬವೇ ಹೊರತು ಬೇರೊಂದು ಪ್ರಾಣಿಯಲ್ಲ. ಹಳೆಯ ಶಂಖದಲ್ಲಿ ಹುಡುಗಿಯರು ಒಬ್ಬೊಬ್ಬರಾಗಿ ಬೆರಳಿಟ್ಟು ಮೂರೆಂದರು. ಮೇಲಕ್ಕೆ ಮಂದವಾದ ನಾಲ್ಕನೆಯದೂ ಇತ್ತು. ಹೊಸದರಲ್ಲಿ ಬೆರಳು ಗಾಜಿನ ಮೇಲೆ ಹರಿದಂತೆ ಹರಿಯಿತು.

ಕಂಬ ನುಣುಪಾಗಿತ್ತು. ಗೋಡೆ ತೆಳ್ಳಗೆ, ದೀಪದ ಮುಂದೆ ಹಿಡಿದರೆ ಬೆಳಕು ಹಾಯುತ್ತಿತ್ತು. ಹೆಗಲಿನ ಸುತ್ತಲೂ ಒಂದು ಕಾಲಕ್ಕೆ ಗುಬುಟುಗಳಿದ್ದು ಅವನ್ನು ಉಜ್ಜಿ ಸವೆಸಿದ ಗುರುತಿತ್ತು. ಸುರುಳಿಯ ಸಂದಿನಲ್ಲಿ ಉಜ್ಜುವ ಕಲ್ಲು ತಲಪದ ಕಡೆ, ಕಂದುಬಣ್ಣದ ಒಂದು ವಕ್ರಗೆರೆ ಉಳಿದುಕೊಂಡಿತ್ತು. ಈ ಗೆರೆಯನ್ನು ಮೊದಲು ಕಂಡವಳು ಆ ತಾಯಿಯ ಮಗಳೇ.

ಇಂಥ ಗೆರೆಯುಳ್ಳ, ಗುಬುಟುಗಳುಳ್ಳ, ನೆರಿಗೆಯಿಲ್ಲದ, ಬಾಯಿ ಉದ್ದಕ್ಕೆ ಇಳಿದು ತೆರೆದ ಕೊಕ್ಕಾಗಿ ಮುಗಿಯುವ ಚಿಪ್ಪೊಂದುಂಟು. ಮೈಮೇಲಿನ ಗೆರೆಗಳು ಮಿಂಚಿನಂತೆ ಇರುವುದರಿಂದ ಅಮೇರಿಕದವರು ಅದನ್ನು ಲೈಟ್ನಿಂಗ್ ವೆಲ್ಕ್ ಎನ್ನುವರು. ಹಿಂದೆ ಅದನ್ನು ಬ್ಯುಸಿಕಾನ್ ಎಂಬ ಕುಲಕ್ಕೆ ಸೇರಿಸಿದ್ದರು. ಈಗಿನ ಹೆಸರು ಸಿನಿಸ್ಟ್ರೊಫಲ್ಗರ್ ಪರ್ವರ್ಸಮ್. ಲ್ಯಾಟಿನ್ ಭಾಷೆಯಲ್ಲಿ ಸಿನಿಸ್ಟರ್ ಎಂದರೆ ಎಡ, ಫಲ್ಗರ್ ಎಂದರೆ ಮಿಂಚು. ಈ ಹೆಸರಿನಲ್ಲಿಯೇ ಇಡೀ ಸಂಗತಿ ಅಡಗಿದೆ. ಈ ಜಾತಿಯಲ್ಲಿ ಎಡಸುರುಳಿಯೇ, ಅಂದರೆ ನಮ್ಮ ಬಲಮುರಿಯೇ, ಸಹಜವಾದದ್ದು. ನಮ್ಮ ಶಂಖಗಳಲ್ಲಿ ಬಲಮುರಿಯು ಲಕ್ಷಾಂತರದಲ್ಲಿ ಒಂದು. ಇದರಲ್ಲಿ ಹುಟ್ಟಿದವು ಬಹುತೇಕ ಎಲ್ಲವೂ ಬಲಮುರಿ. ಅಮೇರಿಕ ಸಂಯುಕ್ತ ಸಂಸ್ಥಾನದ ಟೆಕ್ಸಾಸ್ ಸೀಮೆಯವರು 1987ರಲ್ಲಿ ಇದನ್ನು ತಮ್ಮ ನಾಡಿನ ಚಿಪ್ಪೆಂದು ಆರಿಸಿಕೊಂಡಿರುವರು. ಅಲ್ಲಿ ಅದು ಅಪೂರ್ವ ವಸ್ತುವಲ್ಲ.

ಇಷ್ಟು ಹೊತ್ತಿಗೆ ಒಬ್ಬ ಹುಡುಗಿ ಒಳ್ಳೆಯ ಪ್ರಶ್ನೆಯನ್ನು ಕೇಳಿದಳು. ಕಡಲೆಲ್ಲ ಒಂದೇ ಅಲ್ಲವೇ? ಅಮೇರಿಕದ ಪ್ರಾಣಿಯು ತೇಲಿಕೊಂಡು ಬಂದು ನಮ್ಮ ಕಡಲಲ್ಲಿಯೂ ನೆಲಸಿರಬಾರದೇ? ವ್ಯಾಪಾರಿಯು ಅದು ರಾಮೇಶ್ವರದ್ದೇ ಎಂದು ಹೇಳಿದ್ದನಂತೆ. ಈ ಪ್ರಶ್ನೆಗೆ ಉತ್ತರ ಕೊಡಬೇಕಾದರೆ ಚಿಪ್ಪನ್ನು ಬಿಟ್ಟು ಅದರೊಳಗಿನ ಪ್ರಾಣಿಯ ಮಕ್ಕಳನ್ನು ಕುರಿತು ವಿಚಾರಿಸಬೇಕು.

ಶಂಖದ ಪ್ರಾಣಿಯು ಸಾಮಾನ್ಯವಾಗಿ ಹತ್ತಿಪ್ಪತ್ತು ಮೀಟರು ಆಳದ ಮರಳುನೆಲದಲ್ಲಿ, ಹುಳುಗಳನ್ನು ತಿಂದುಕೊಂಡು ಬಾಳುತ್ತದೆ. ಹೆಣ್ಣು ತನ್ನ ಮೊಟ್ಟೆಗಳನ್ನು ಒಂದು ವಿಚಿತ್ರವಾದ ಗೂಡಿನಲ್ಲಿಡುತ್ತದೆ. ಅದು ಟಗರಿನ ಕೊಂಬಿನಂತೆ ತಿರುಚಿಕೊಂಡು, ಸಾಲಾಗಿ ಚಿಕ್ಕ ಚಿಕ್ಕ ಕೋಣೆಗಳಿಂದ ಕೂಡಿ, ಬುಡದಲ್ಲಿ ಮರಳಿಗೆ ನಾಟಿಕೊಂಡಿರುವುದು. ಮರಿಗಳು ಆ ಕೋಣೆಗಳೊಳಗೇ ಬೆಳೆದು, ಸಣ್ಣ ಶಂಖಗಳಾಗಿ, ತೆವಳುತ್ತ ಹೊರಗೆ ಬರುತ್ತವೆ. ನೀರಿನಲ್ಲಿ ತೇಲುವ ಎಳವೆ ಅವುಗಳಿಗಿಲ್ಲ. ಆದುದರಿಂದ ತಾಯಿ ಬಾಳಿದ ಮರಳಿನ ಪಕ್ಕದ ಮರಳೇ ಮಕ್ಕಳ ಲೋಕ. ಆಳವಾದ ಕಡಲನ್ನು ದಾಟುವ ಉಪಾಯವು ಅವಕ್ಕೆ ತಿಳಿಯದು.

ಶಂಖದ ಸೀಮೆಯು ಕಿರಿದಾಗಿರುವುದಕ್ಕೆ ಇದು ಕಾರಣ. ಗುಜರಾತದ ಕಛ್ ಕೊಲ್ಲಿ, ಕೇರಳದ ತೆಂಕಣ ತೀರ, ಮನ್ನಾರ್ ಕೊಲ್ಲಿ, ಪಾಕ್ ಕೊಲ್ಲಿ, ಚೋಳಮಂಡಲದ ತೀರ, ಸಿಂಹಳದ ಬಡಗಣ ಕಡಲು, ಅಂಡಮಾನ್ ದ್ವೀಪಗಳು — ಇವು ಅದರ ಹೆಸರಾಂತ ನೆಲೆಗಳು. ನಮ್ಮ ಹೊನ್ನಾವರ, ಕುಮಟೆ, ಕಾರವಾರಗಳ ತೀರವು ಮೀನಿಗೆ ಹೆಸರಾದುದೇ ಹೊರತು ಶಂಖಕ್ಕಲ್ಲ. ಶಂಖ ತೆಗೆಯುವ ಕಸುಬಿಗೆ ತೂತ್ತುಕುಡಿ ಮತ್ತು ರಾಮೇಶ್ವರದ ಕಡಲುಗಳೇ ಮುಖ್ಯ. ಅಲ್ಲಿಯ ಮುಳುಗುಗಾರರು ತಂದ ಶಂಖಗಳನ್ನು ದುಂಡನೆಯ ತೂತುಳ್ಳ ಹಲಗೆಯಲ್ಲಿ ತೂರಿಸಿ ನೋಡುವ ಪದ್ಧತಿಯಿತ್ತು; ತೂತಿನಲ್ಲಿ ನುಸುಳಿದ ಚಿಕ್ಕವನ್ನು ಮತ್ತೆ ಕಡಲಿಗೆ ಬಿಡಬೇಕು. ಮದರಾಸು ಸರಕಾರದ ಮೀನುಗಾರಿಕೆಯ ಇಲಾಖೆಯಲ್ಲಿದ್ದ ಜೇಮ್ಸ್ ಹಾರ್ನೆಲ್ ಎಂಬವರು 1914ರಲ್ಲಿ ಶಂಖವನ್ನು ಕುರಿತೇ ಒಂದು ಗ್ರಂಥವನ್ನು ಬರೆದರು. ಒಂದೊಂದು ಕಡಲಿನ ಶಂಖದ ಮೈಕಟ್ಟು ಒಂದೊಂದು ಬಗೆ. ಕೆಲವು ಕಡೆ ಉದ್ದ, ಕೆಲವು ಕಡೆ ಗಿಡ್ಡ. ಮಕ್ಕಳು ತೇಲಿಹೋಗದೆ ತವರಿನಲ್ಲಿಯೇ ಉಳಿದು ಬೆಳೆಯುವ ಜಾತಿಯಲ್ಲಿ ಹೀಗಾಗುವುದು ಸಹಜವಷ್ಟೆ.

ಪ್ರಾಣಿಯ ಸೀಮೆ ಕಿರಿದು. ಅದರ ಚಿಪ್ಪಿನ ಪಯಣವೋ ಬಲು ಹಿರಿದು. ಸುಮಾರು 4500 ವರ್ಷಗಳ ಹಿಂದೆ ಸಿಂಧೂ ನಾಗರಿಕತೆಯವರು ಕಛ್ ಕೊಲ್ಲಿಯ ದಡದ ನಾಗೇಶ್ವರವೆಂಬಲ್ಲಿ ಶಂಖಗಳನ್ನು ಕೊಯ್ದು ಕೆಲಸಮಾಡಿದ ಕುರುಹುಗಳು ಅಗೆತದಲ್ಲಿ ದೊರೆತಿವೆ. ಕಡಲಿನಿಂದ ಬಹುದೂರವಿರುವ ಹರಪ್ಪದಲ್ಲಿಯೂ ಶಂಖದ ಬಳೆಗಳು ಸಿಕ್ಕಿವೆ. ಬಂಗಾಳದ ಮುತ್ತೈದೆಯರು ತೊಡುವ ಬಿಳಿಯ ಬಳೆಗಳಿಗಾಗಿ ತೂತ್ತುಕುಡಿಯ ಶಂಖಗಳು ಹಡಗುಗಟ್ಟಲೆ ಕಲ್ಕತ್ತೆಗೂ ಢಾಕಾಕ್ಕೂ ಹೋಗುತ್ತಿದ್ದವು. ಕಡಲನ್ನೇ ಕಾಣದ ಟಿಬೆಟ್ಟಿನಲ್ಲಿ ಬಲಮುರಿ ಶಂಖವು ಎಂಟು ಮಂಗಳ ಚಿಹ್ನೆಗಳಲ್ಲಿ ಒಂದು. ಸಾಗರದಿಂದ ಬಡಗಣಕ್ಕೆ ಮುಂಡಗೋಡದಲ್ಲಿರುವ ಟಿಬೆಟ್ಟಿನವರ ಮಠಗಳಲ್ಲಿ ಇಂದಿಗೂ ಅದನ್ನು ಕಾಣಬಹುದು. ಸೀಮೆ ಕಿರಿದಾಗಿರುವುದೇ ಪ್ರಾಚೀನ ವಸ್ತುಗಳನ್ನು ಅಗೆಯುವ ಪಂಡಿತರಿಗೆ ದೊಡ್ಡ ಉಪಕಾರ. ಎಲ್ಲಿಯೇ ಶಂಖದ ಚೂರು ಸಿಕ್ಕಲಿ, ಅದು ಬಂದ ಕಡಲು ಯಾವುದೆಂದು ಹೇಳಬಹುದು. ದಾಸಯ್ಯನ ಜಾಗಟೆ ಯಾವ ಊರಿನ ಕಂಚೆಂದು ಹೇಳಬಲ್ಲವರು ಯಾರು? ಅವನ ಶಂಖದ ವಿಷಯ ಹಾಗಲ್ಲ.

ಹಾಗಿದ್ದರೆ ಆ ಮಿಂಚಿನ ಚಿಪ್ಪಿನ ಪ್ರಾಣಿ? ಅದೂ ತೇಲುವುದಿಲ್ಲ. ಅದರ ಹೆಣ್ಣು ಬಿಲ್ಲೆಗಳನ್ನು ದಾರಕ್ಕೆ ಪೋಣಿಸಿದ ಸರದಂಥ ಗೂಡನ್ನು ಇಡುತ್ತದೆ; ಅದರ ಮರಿಗಳೂ ತೆವಳುತ್ತಲೇ ಹೊರಗೆ ಬರುತ್ತವೆ. ಅಮೇರಿಕ ಸಂಯುಕ್ತ ಸಂಸ್ಥಾನದ ಆಗ್ನೇಯ ತೀರ, ಫ್ಲಾರಿಡ, ಮೆಕ್ಸಿಕೋ ಕೊಲ್ಲಿ — ಇಷ್ಟೇ ಅದರ ಲೋಕ. ಆ ಲೋಕಕ್ಕೂ ರಾಮೇಶ್ವರಕ್ಕೂ ನಡುವೆ ಅಟ್ಲಾಂಟಿಕ್ ಸಾಗರವಿದೆ, ಆಫ್ರಿಕ ಖಂಡವಿದೆ, ಮತ್ತೆ ಹಿಂದೂ ಮಹಾಸಾಗರವಿದೆ. ತೆವಳುವ ಪ್ರಾಣಿ ಈ ದೂರವನ್ನು ತಾನಾಗಿ ದಾಟಲಾರದು. ದಾಟಿ ಬಂದಿರುವುದೆಂದರೆ ಅದು ಪ್ರಾಣಿಯಲ್ಲ, ಸರಕು. ಬಂದದ್ದು ತೆರೆಯ ಮೇಲಲ್ಲ, ಹಡಗಿನ ಪೆಟ್ಟಿಗೆಯಲ್ಲಿ. ಮನುಷ್ಯನು ತಂದರೆ ಯಾವ ಪ್ರಾಣಿ ಎಲ್ಲಿಗೆ ಬಾರದು? ಇಂದು ಊರೂರಿನ ತೋಟಗಳಲ್ಲಿ ಗಿಡಗಳನ್ನು ಮೇಯುವ ದೊಡ್ಡ ಆಫ್ರಿಕದ ಬಸವನಹುಳುವನ್ನು 1847ರಲ್ಲಿ ಮಾರಿಷಸ್ಸಿನಿಂದ ಕಲ್ಕತ್ತೆಗೆ ತಂದು ಬಿಟ್ಟದ್ದು ಒಬ್ಬ ಚಿಪ್ಪುಪ್ರಿಯನೇ. ಆದರೆ ಅದು ಜೀವಂತವಾಗಿ ಬಂದು ಬಾಳುತ್ತಿದೆ. ಮಿಂಚಿನ ಚಿಪ್ಪು ಬರಿದಾಗಿಯೇ ಬಂದದ್ದು.

ಇನ್ನು ಕವಡೆಗಳು. ಇವನ್ನು ಆ ತಾಯಿಯವರು ಸುಮ್ಮನೆ ಗಂಟಿನಲ್ಲಿ ತಂದಿದ್ದರು. ಇವುಗಳ ವಿಷಯದಲ್ಲಿ ಅವರಿಗೆ ಸಂಶಯವೇನೂ ಇರಲಿಲ್ಲ. ಆದರೆ ಹುಡುಗಿಯರಿಗೆ ಶಂಖಕ್ಕಿಂತ ಹೆಚ್ಚು ಸಂತೋಷ ಕೊಟ್ಟದ್ದು ಇವೇ. ಒಟ್ಟು ಇಪ್ಪತ್ತಮೂರು ಇದ್ದವು. ಎಲ್ಲವನ್ನೂ ಬೋರಲು ಹಾಕಿ ಬೆನ್ನನ್ನು ನೋಡಿದಾಗ ಎರಡು ಗುಂಪಾದವು. ಹತ್ತೊಂಬತ್ತು ಕವಡೆಗಳು ಹಳದಿಯ ಛಾಯೆಯವು. ಮೈ ದುಂಡಗಿರದೆ ಮೂಲೆಮೂಲೆಯಾಗಿ, ಬದಿಗಳಲ್ಲಿ ಗುಬುಟುಗಳಿಂದ ಕೂಡಿದ್ದವು. ಉಳಿದ ನಾಲ್ಕು ಮೊಟ್ಟೆಯಾಕಾರದವು; ಬೆನ್ನಿನ ಮೇಲೆ ಕಿತ್ತಳೆಯ ಬಣ್ಣದ ಒಂದು ಉಂಗುರವು ಸವೆದು ಸವೆದು ಇನ್ನೂ ಕಾಣುತ್ತಿತ್ತು. ಲಿನೇಯಸನು 1758ರಲ್ಲಿ ಇವೆರಡಕ್ಕೂ ಬೇರೆಬೇರೆ ಹೆಸರನ್ನಿಟ್ಟನು. ಮೊದಲನೆಯದು ಈಗಿನ ರೂಢಿಯಲ್ಲಿ ಮೊನೆಟೇರಿಯ ಮೊನೆಟ, ಅಂದರೆ ಹಣದ ಕವಡೆ. ಎರಡನೆಯದು ಮೊನೆಟೇರಿಯ ಆನ್ಯುಲಸ್, ಉಂಗುರದ ಕವಡೆ. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲಾದರೆ ಎಂಟು ಎಂದು ಕೂಗುವ ಆಟದಲ್ಲಿ ಈ ಭೇದವನ್ನು ಯಾರೂ ಎಣಿಸುವುದಿಲ್ಲ. ಎಣಿಸಬೇಕಾದ ಅಗತ್ಯವೂ ಇಲ್ಲ.

ಕವಡೆಯ ತವರಿನ ಸಂಗತಿ ಶಂಖದ್ದಕ್ಕೆ ತೀರ ವಿರುದ್ಧ. ಇದರ ಮರಿಗಳು ಮೊಟ್ಟೆಯೊಡೆದ ಮೇಲೆ ಧೂಳಿಯಷ್ಟು ಚಿಕ್ಕವಾಗಿ ನೀರಿನಲ್ಲಿ ಈಜುತ್ತ, ಹೊಳೆಯಂತೆ ಹರಿಯುವ ಕಡಲಪ್ರವಾಹಗಳ ಮೇಲೆ ದೂರದೂರ ಸಾಗಿಹೋಗುತ್ತವೆ. ಹವಳದ ದಿಬ್ಬವೊಂದು ಸಿಕ್ಕಿದಲ್ಲಿ ಇಳಿದು ಕವಡೆಗಳಾಗುತ್ತವೆ. ಹೀಗಾಗಿ ಹಣದ ಕವಡೆಯು ಆಫ್ರಿಕದ ಮೂಡಣ ತೀರದಿಂದ ಹವಾಯಿ ದ್ವೀಪಗಳವರೆಗೆ, ಅರ್ಧ ಭೂಮಂಡಲದ ಬಿಸಿಗಡಲುಗಳಲ್ಲೆಲ್ಲ ಇದೆ. ಹೊನ್ನೆಮರಡುವಿನ ಕವಡೆ ಯಾವ ದ್ವೀಪದ್ದೆಂದು ಬರಿಯ ಚಿಪ್ಪನ್ನು ನೋಡಿ ಯಾವ ಪಂಡಿತನೂ ಹೇಳಲಾರನು. ಒಂದೇ ಮನೆಯ ಒಂದೇ ಪೆಟ್ಟಿಗೆಯಲ್ಲಿ ಎರಡು ಕಡಲ ಚಿಪ್ಪುಗಳಿದ್ದರೂ, ಒಂದು ತನ್ನ ತವರನ್ನು ಹೇಳುತ್ತದೆ, ಇನ್ನೊಂದು ಹೇಳುವುದಿಲ್ಲ. ಎಳವೆಯಲ್ಲಿ ತೆವಳಿದ್ದೋ ಈಜಿದ್ದೋ ಎಂಬುದರ ಮೇಲೆ ಅದು ನಿಂತಿದೆ.

ಆದರೂ ನಮ್ಮ ಸೀಮೆಗೆ ಕವಡೆ ಬರಬಹುದಾಗಿದ್ದ ದಾರಿಯೊಂದನ್ನು ಚರಿತ್ರೆಯಿಂದ ಊಹಿಸಬಹುದು. ಹಳೆಯ ಕಾಲದಲ್ಲಿ ಕವಡೆಯ ದೊಡ್ಡ ಕಣಜವೆಂದರೆ ಮಾಲ್ದೀವು. ಇಬ್ನ್ ಬತೂತನೆಂಬ ಮೊರಾಕ್ಕೊ ದೇಶದ ಪ್ರವಾಸಿಯು ಹದಿನಾಲ್ಕನೆಯ ಶತಮಾನದಲ್ಲಿ ಆ ದ್ವೀಪಗಳಲ್ಲಿದ್ದು, ಅಲ್ಲಿಯ ಜನರು ಕವಡೆಗಳನ್ನು ಕಡಲಿನಿಂದ ಕೂಡಿಸಿ ಗುಂಡಿಗಳಲ್ಲಿ ಹಾಕಿ ಮಾಂಸವೆಲ್ಲ ಕೊಳೆತುಹೋದ ಮೇಲೆ ಹಣವಾಗಿ ಬಳಸುವುದನ್ನು ಕಂಡು ಬರೆದಿಟ್ಟಿರುವನು. ಒಂದು ಚಿನ್ನದ ದೀನಾರಕ್ಕೆ ನಾಲ್ಕು ಲಕ್ಷ ಕವಡೆ. ಅಗ್ಗವಾದಾಗ ಹನ್ನೆರಡು ಲಕ್ಷದವರೆಗೂ ಬರುತ್ತಿತ್ತಂತೆ. ಕವಡೆ ಕಾಸಿನ ಬೆಲೆಯಿಲ್ಲವೆಂದು ನಾವು ಇಂದೂ ಬೈಯುವಾಗ ಈ ಲೆಕ್ಕವನ್ನೇ ಆಡುತ್ತಿದ್ದೇವೆ. ಮಾಲ್ದೀವಿಗೆ ಹೋಗುವ ಮುನ್ನ ಅವನು ಶರಾವತಿಯ ಮುಖದಲ್ಲಿರುವ ನಮ್ಮ ಹೊನ್ನಾವರದಲ್ಲಿ ಇಳಿದಿದ್ದನು. ಅಲ್ಲಿ ಅವನನ್ನು ಬೆರಗುಗೊಳಿಸಿದ್ದು ಏನು ಬಲ್ಲಿರಾ? ಹೆಣ್ಣುಮಕ್ಕಳಿಗೆಂದೇ ಇದ್ದ 13 ಶಾಲೆಗಳು. ಇಂಥದನ್ನು ತಾನು ಬೇರೆಲ್ಲಿಯೂ ಕಂಡಿಲ್ಲವೆಂದು ಅವನು ಹೇಳಿರುವನು. ಶಂಖ ಕವಡೆಗಳಿಗೆ ಇದು ಸಂಬಂಧಿಸಿದ್ದಲ್ಲ. ಆದರೂ ಹೆಣ್ಣುಮಕ್ಕಳ ಶಾಲೆಯ ಈ ಸಂಚಿಕೆಯಲ್ಲಿ ಅದನ್ನು ಬರೆಯದೆ ಬಿಡಲು ನಮಗೆ ಮನಸ್ಸಾಗಲಿಲ್ಲ.

ಒಂದನ್ನು ತೋರಿಸಿ ಇನ್ನೊಂದನ್ನು ದಾಟಿಸುವ ವಿದ್ಯೆಯು ಕವಡೆಯಲ್ಲಿಯೂ ನಡೆದದ್ದುಂಟು. ಪಡುವಣ ಆಫ್ರಿಕದಲ್ಲಿ ಮಾಲ್ದೀವಿನ ಹಣದ ಕವಡೆಯು ನಾಣ್ಯವಾಗಿದ್ದ ಕಾಲದಲ್ಲಿ, ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಯುರೋಪಿನ ವರ್ತಕರು ಜಾಂಜಿಬಾರಿನ ತೀರದಲ್ಲಿ ರಾಶಿರಾಶಿಯಾಗಿ ಸಿಕ್ಕುತ್ತಿದ್ದ ಉಂಗುರದ ಕವಡೆಯನ್ನು ಹಡಗುಗಳಲ್ಲಿ ತುಂಬಿ ಅಲ್ಲಿಗೆ ಸಾಗಿಸಿದರು. ಕವಡೆಯ ಬೆಲೆ ಇಳಿದುಹೋಗಿ, ಅದನ್ನು ಕೂಡಿಟ್ಟುಕೊಂಡಿದ್ದ ಬಡವರ ಉಳಿತಾಯ ಕರಗಿತು.

ಬಲಮುರಿಯನ್ನು ಪರೀಕ್ಷಿಸಲು ಜನರಲ್ಲಿ ಬಳಕೆಯಲ್ಲಿರುವ ಕೆಲವು ಉಪಾಯಗಳನ್ನು ಕುರಿತು ಎರಡು ಮಾತು ಹೇಳಬೇಕು. ಅಕ್ಕಿಯ ರಾಶಿಯಲ್ಲಿಟ್ಟರೆ ಅಕ್ಕಿ ಹೆಚ್ಚುವುದೆಂಬುದನ್ನು ಹುಡುಗಿಯರು ಸೇರಿನಿಂದ ಅಳೆದು ನೋಡಿದರು. ಹೆಚ್ಚಲಿಲ್ಲ, ನೆಲಕ್ಕೆ ಚೆಲ್ಲಿದ್ದರಿಂದ ತುಸು ಕಡಿಮೆಯಾಯಿತು. ಕಿವಿಗೆ ಹಿಡಿದರೆ ಓಂಕಾರ ಕೇಳಿಸುವುದೆಂಬುದು ಇನ್ನೊಂದು. ಕೇಳಿಸುವುದೇನೋ ನಿಜ. ಸುತ್ತಲೂ ಯಾವಾಗಲೂ ಇರುವ ಸಣ್ಣ ಸದ್ದುಗಳು ಪೊಳ್ಳಾದ ಪಾತ್ರೆಯೊಳಗೆ ಹೊಕ್ಕು ಮೊಳಗುವುದರಿಂದ ಅದು ಹುಟ್ಟುತ್ತದೆ. ಹಳೆಯ ಶಂಖದಲ್ಲಿಯೂ ಕೇಳಿಸಿತು, ಹೊಸದರಲ್ಲಿಯೂ ಕೇಳಿಸಿತು, ನಿಲಯದ ಅಡಿಗೆಮನೆಯ ಹಿತ್ತಾಳೆಯ ಚೊಂಬಿನಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಕೇಳಿಸಿತು. ಬಲಮುರಿಯಿಂದ ಮನೆಗೆ ಸಂಪತ್ತು ಬರುವುದೋ ಇಲ್ಲವೋ ಎಂಬುದು ನಮ್ಮ ಶಾಸ್ತ್ರದ ವಿಷಯವಲ್ಲ, ನಂಬುವವರು ನಂಬಲಿ. ಆದರೆ ಕೊಳ್ಳುವ ಮುನ್ನ ಕಿರುಬೆರಳನ್ನು ಬಾಯೊಳಗೆ ಹಾಕಿ ನೆರಿಗೆಗಳನ್ನು ಎಣಿಸಿಕೊಳ್ಳಲಿ. ಇನ್ನೊಂದು ಎಚ್ಚರಿಕೆಯೂ ಉಂಟು. ಅಂಗಡಿಗಳಲ್ಲಿ ಅಂದಕ್ಕಾಗಿ ಮಾರುವ ಕೆಲವು ದೊಡ್ಡ ಕಡಲಚಿಪ್ಪುಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣೆಯ ಕಾಯಿದೆಯ ಪಟ್ಟಿಗೆ ಸೇರಿಸಿರುವರು. ಅವನ್ನು ಮಕ್ಕಳಿಗೆ ಕೊಡಿಸುವ ಮೊದಲು ವಿಚಾರಿಸುವುದು ಮೇಲು.

ಎಂಟನೆಯ ದಿನ ತಾಯಿಯವರು ಬಂದರು. ನಾವೇ ಹೇಳಬೇಕೆಂದಿದ್ದೆವು; ಆದರೆ ಮಗಳು ತಾನೇ ಹೇಳುವೆನೆಂದಳು. ತಾಯಿಯ ಬೆರಳನ್ನು ಹಿಡಿದು ಮೊದಲು ಹಳೆಯ ಶಂಖದೊಳಗೆ, ಆಮೇಲೆ ಹೊಸದರೊಳಗೆ ಇಡಿಸಿದಳು. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮತ್ತೊಮ್ಮೆ ಹಳೆಯದರಲ್ಲಿ ಬೆರಳಿಟ್ಟು ನೋಡಿ, “ಅಂತೂ ಅತ್ತೆಯವರು ಹೇಳಿದ್ದೇ ಸರಿ. ರಾಮೇಶ್ವರದ್ದು ರಾಮೇಶ್ವರದ್ದೇ” ಎಂದರು. ಶಂಖದಿಂದ ಬಂದರೇ ತೀರ್ಥವೆಂಬ ಗಾದೆಯನ್ನು ಅವರ ಅತ್ತೆಯವರು ದಿನವೂ ಹೇಳುವರಂತೆ. ಹೋದ ಹಣವನ್ನು ಹಿಂದಕ್ಕೆ ಪಡೆಯುವ ದಾರಿಯಿರಲಿಲ್ಲ; ವ್ಯಾಪಾರಿಯ ಊರು ಹೆಸರುಗಳನ್ನು ಅವರು ಕೇಳಿಯೇ ಇರಲಿಲ್ಲ. ನಿಲಯದ ವೆಚ್ಚವನ್ನು ಅಡಕೆಯ ಕೊಯ್ಲಾಗುವವರೆಗೆ ಕಂತುಗಳಲ್ಲಿ ಕೊಡುವಂತೆ ಏರ್ಪಾಡಾಯಿತು. ಹಳೆಯ ಶಂಖವೂ ಕವಡೆಗಳೂ ಅದೇ ಗಂಟಿನಲ್ಲಿ ಹೊನ್ನೆಮರಡುವಿಗೆ ಹಿಂತಿರುಗಿದವು.

ಹೊಸದನ್ನು ಅವರು ಮುಟ್ಟಲಿಲ್ಲ. ಶಾಲೆಗೇ ಇರಲಿ ಎಂದರು. ಅದು ಈಗ ವಿಜ್ಞಾನದ ಕೋಣೆಯ ಬೀರುವಿನ ಎರಡನೆಯ ಅಂತಸ್ತಿನಲ್ಲಿದೆ. ಸಮಾರಂಭಕ್ಕೆ ಬಂದ ಹಳೆಯ ವಿದ್ಯಾರ್ಥಿನಿಯರು ಬೀರುವನ್ನು ತೆರೆಸಿ ನೋಡಬಹುದು, ಬೆರಳಿಟ್ಟೂ ನೋಡಬಹುದು. ಅದರ ಕೆಳಗಿನ ಚೀಟಿಯನ್ನು ಬರೆದವಳು ಆ ಹುಡುಗಿಯೇ. ನಾವು ಒಂದಕ್ಷರವನ್ನೂ ತಿದ್ದಲಿಲ್ಲ. “ಸಿನಿಸ್ಟ್ರೊಫಲ್ಗರ್ ಪರ್ವರ್ಸಮ್. ತವರು: ಮೆಕ್ಸಿಕೋ ಕೊಲ್ಲಿ. ಸಿಕ್ಕಿದ ಸ್ಥಳ: ಮಲೆನಾಡಿನ ಒಂದು ಜಾತ್ರೆ. ಕೊಟ್ಟವರು: ನಮ್ಮ ಅಮ್ಮ.”